ಅಚ್ಚ ಕಪ್ಪಿನ ವ್ಯಾಜ್ಯ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಸೌಂದರ್ಯಪ್ರಜ್ಞೆಯೆಂಬುದು ಜನರಲ್ಲಿ ವರ್ಷವಿಡೀ ಇರುವುದಾದರೂ ಅದು ಕಾರ್ಯರೂಪಕ್ಕೆ ಇಳಿಯತಕ್ಕ ಋತು ಒಂದೇ. ಅದು ಸಕ್ಕರೆ ಕಾರಖಾನೆಯಿಂದ ಕಬ್ಬಿನ ಬಿಲ್ಲು ಬರುವ ಋತು. ಮಗಳ ಮದುವೆ, ಮಗನ ಮೋಟಾರ್ ಸೈಕಲ್ಲು, ಪಡಸಾಲೆಯ ಫರಸಿ, ಕೊರಳಿಗೊಂದೆಳೆ ಬಂಗಾರ ಇವೆಲ್ಲವೂ ಆ ಬಿಲ್ಲಿನ ಹೆಸರು ಹೇಳಿಕೊಂಡೇ ಮುಂದಕ್ಕೆ ಹೋಗುತ್ತಿರುತ್ತವೆ. ಮತ್ತು ಬಿಲ್ಲಿಗೆ ಹೇಳಿದ ದಿನವೇ ಬರುವ ಅಭ್ಯಾಸವಿಲ್ಲವಾದುದರಿಂದ, ಕೊಳ್ಳಬೇಕಾದ ವಸ್ತುವಿನ ಗುಣದೋಷಗಳನ್ನು ಸಾಂಗೋಪಾಂಗವಾಗಿ ವಿಮರ್ಶಿಸಲು ನಮಗೆ ದೊರೆಯುವಷ್ಟು ವಿರಾಮವು ತಿಂಗಳ ಸಂಬಳದವರಿಗೆ ಎಂದಿಗೂ ದೊರೆಯಲಾರದು. ದೂರದರ್ಶನ ಯಂತ್ರವನ್ನು ಕೊಳ್ಳುವುದಾದರೆ ಪ್ಲಾಸ್ಮಾ ಕೊಳ್ಳಬೇಕೋ ಎಲ್‌ಇಡಿ ಕೊಳ್ಳಬೇಕೋ ಎಂಬ ವ್ಯಾಜ್ಯವು 2012ರ ಸುಮಾರಿಗೆ ನಮ್ಮ ಮನೆಯಲ್ಲಿ ಹುಟ್ಟಿದ್ದು ಇಂಥದೊಂದು ವಿರಾಮದಲ್ಲಿಯೇ. ಬಿಲ್ಲು ಬಂದಿತು, ಯಂತ್ರವೂ ಬಂದಿತು, ಆಮೇಲೆ ಎರಡು ವರ್ಷಕ್ಕೆ ಜಗತ್ತಿನ ದೊಡ್ಡ ಕಂಪನಿಗಳೆಲ್ಲ ಪ್ಲಾಸ್ಮಾ ಮಾಡುವುದನ್ನೇ ಬಿಟ್ಟವು; ಆದರೆ ವ್ಯಾಜ್ಯವು ಮಾತ್ರ ಬೀಗರು ಸೇರಿದಲ್ಲೆಲ್ಲ ಇಂದಿಗೂ ವಿಚಾರಣೆಗೆ ಬರುತ್ತಿರುವುದು.

ಅದುವರೆಗೆ ನಮ್ಮ ಪಡಸಾಲೆಯನ್ನು ಆಳುತ್ತಿದ್ದುದು ಹಿಂದೆ ಬೆನ್ನುಗೂನಿದ್ದ ಹಳೆಯ ಡಬ್ಬಿ ಟೀವಿ. 1987ರಲ್ಲಿ ‘ರಾಮಾಯಣ’ವು ಭಾನುವಾರದ ಮುಂಜಾನೆಗಳನ್ನು ವಶಪಡಿಸಿಕೊಂಡ ಕಾಲದಿಂದಲೂ ನಮ್ಮಲ್ಲಿ ಟೀವಿಯು ಕೇವಲ ನೋಡುವ ವಸ್ತುವಾಗಿರದೆ, ಮೇಲೆ ಏನನ್ನಾದರೂ ಇಡುವ ವಸ್ತುವೂ ಆಗಿದ್ದಿತು. ಅದರ ನೆತ್ತಿಯ ಮೇಲೆ ನನ್ನ ಹೆಂಡತಿಯು ಕ್ರೋಶಾದಲ್ಲಿ ಹೆಣೆದ ಬಿಳಿಯ ವಸ್ತ್ರ, ಅದರ ಮೇಲೊಂದು ಪಿಂಗಾಣಿಯ ಗಣಪತಿ, ಪಕ್ಕದಲ್ಲಿ ನಮ್ಮ ಮದುವೆಯ ಫೋಟೋ, ಹಿಂದೆ ಯಾರಿಗೂ ಕಾಣದಂತೆ ಲೈಟಿನ ಬಿಲ್ಲುಗಳು ಇರುತ್ತಿದ್ದವು. ಆದುದರಿಂದ ಹೊಸ ಯಂತ್ರವು ಕೈಬೆರಳಿನಷ್ಟು ದಪ್ಪವಿರುತ್ತದೆಂದು ಮಗನು ಹೆಮ್ಮೆಯಿಂದ ಹೇಳಿದಾಗ ಅವಳು ಕೇಳಿದ ಮೊದಲನೆಯ ಪ್ರಶ್ನೆ, “ಹಂಗಾರ ಗಣಪತಿನ್ನ ಎಲ್ಲಿ ಇಡೂದು?” ಎಂದು. ಪ್ಲಾಸ್ಮಾ ಮತ್ತು ಎಲ್‌ಇಡಿ ಪಕ್ಷಗಳೆರಡೂ ಈ ಪ್ರಶ್ನೆಗೆ ಸಮಾನವಾಗಿ ನಿರುತ್ತರವಾದವು.

ಪ್ಲಾಸ್ಮಾದ ಪಕ್ಷವನ್ನು ವಹಿಸಿದವರು ಪುಣೆಯಲ್ಲಿ ಇಂಜಿನಿಯರರಾಗಿರುವ ನಮ್ಮ ಅಳಿಯಂದಿರು. “ಮಾವಾರ, ಬಣ್ಣಾ ನೋಡಬ್ಯಾಡ್ರಿ, ಕಪ್ಪ ನೋಡ್ರಿ. ಕಪ್ಪ ಎಷ್ಟ ಅಚ್ಚ ಐತಿ ಅನ್ನೂದ್ರ ಮ್ಯಾಲೆ ಟೀವಿ ಬೆಲಿ” ಎಂದು ಅವರು ಫೋನಿನಲ್ಲಿ ಉಪದೇಶಿಸಿದರು. ಯಾವ ಕುಲದಲ್ಲಿ ತಲೆತಲಾಂತರದಿಂದ ಕನ್ಯಾಪರೀಕ್ಷೆಗೆ ಹೋದವರೆಲ್ಲ ತಿರುಗಿ ಬಂದು ಮೊದಲು ಹೇಳುತ್ತಿದ್ದುದು “ಹುಡುಗಿ ಬೆಳ್ಳಗದಾಳ” ಎಂಬ ಮಾತೋ, ಆ ಕುಲದವನಾದ ನನಗೆ ಒಂದು ವಸ್ತುವಿನ ಕೌಲೀನ್ಯವು ಅದರ ಕಪ್ಪಿನಲ್ಲಿರುವುದೆಂಬ ತತ್ತ್ವವು ಅತ್ಯಂತ ನವೀನವಾಗಿಯೂ, ಒಳಗೊಳಗೆ, ಸ್ವಲ್ಪ ನ್ಯಾಯಸಮ್ಮತವಾಗಿಯೂ ತೋರಿತು.

ಅಳಿಯಂದಿರ ವಾದದಲ್ಲಿ ಶಾಸ್ತ್ರವಿದ್ದಿತು. ಪ್ಲಾಸ್ಮಾ ಎಂದರೆ ಎರಡು ಗಾಜಿನ ಹಲಗೆಗಳ ನಡುವೆ ಅತಿ ಸೂಕ್ಷ್ಮವಾದ ಕೋಶಗಳು. ಪೂರ್ಣ ಎಚ್‌ಡಿ ಪರದೆಯಾದರೆ 1920ಕ್ಕೆ 1080ರಂತೆ 20 ಲಕ್ಷಕ್ಕೂ ಮಿಕ್ಕ ಬಿಂದುಗಳು, ಒಂದೊಂದು ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಮೂರು ಕೋಶಗಳು. ಅವುಗಳೊಳಗೆ ನಿಯಾನ್ ಮತ್ತು ಕ್ಸೆನಾನ್ ಅನಿಲಗಳು. ವಿದ್ಯುತ್ತು ಹರಿದೊಡನೆ ಅನಿಲವು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೊರಸೂಸಿ, ಆ ಕಿರಣವು ಕೋಶದ ಗೋಡೆಗೆ ಬಳಿದ ಫಾಸ್ಫರಿಗೆ ತಾಗಿ, ಕಾಣುವ ಬಣ್ಣವು ಹುಟ್ಟುವುದು. ಕಪ್ಪು ಬೇಕಾದೆಡೆಯಲ್ಲಿ ಕೋಶವು ಹೆಚ್ಚುಕಡಿಮೆ ನಂದಿಯೇ ಇರುವುದರಿಂದ ಅಲ್ಲಿ ಇರುವುದು ನಿಜವಾದ ಕತ್ತಲೆ. ಎಲ್‌ಇಡಿ ಟೀವಿಯಾದರೋ ಹೊಸ ಜಾತಿಯೇ ಅಲ್ಲ. ಹಳೆಯ ಎಲ್‌ಸಿಡಿ ಪರದೆಯ ಹಿಂದೆ ಅಥವಾ ಅಂಚಿನಲ್ಲಿ ಕೊಳವೆದೀಪಗಳಿಗೆ ಬದಲಾಗಿ ಎಲ್‌ಇಡಿ ದೀಪಗಳನ್ನು ಕೂರಿಸಿದ್ದು. ದೀಪವು ಸದಾ ಉರಿಯುತ್ತಿರುವುದು; ಅದನ್ನು ಬಿಡುವುದೂ ತಡೆಯುವುದೂ ದ್ರವಸ್ಫಟಿಕದ ಕೆಲಸ; ಮತ್ತು ಆ ತಡೆಯು ಎಂದಿಗೂ ಸಂಪೂರ್ಣವಾಗದಿರುವುದರಿಂದ ಎಲ್‌ಇಡಿಯ ಕಪ್ಪಿನಲ್ಲಿ ಸದಾ ಒಂದು ಬೂದಿಯ ಛಾಯೆ. ಪಕ್ಕದಿಂದ ನೋಡಿದರೆ ಎಲ್‌ಇಡಿಯ ಬಣ್ಣ ಪೇಲವವಾಗುವುದು, ಪ್ಲಾಸ್ಮಾದ್ದು ಆಗದು. ಚೆಂಡು ವೇಗವಾಗಿ ಓಡಿದರೆ ಎಲ್‌ಇಡಿಯಲ್ಲಿ ಅದಕ್ಕೆ ಬಾಲ ಹುಟ್ಟುವುದು, ಪ್ಲಾಸ್ಮಾದಲ್ಲಿ ಹುಟ್ಟದು. ಕಣ್ಣೊಂದನ್ನೇ ನ್ಯಾಯಾಧೀಶನನ್ನಾಗಿ ಕೂರಿಸಿದ್ದರೆ ವ್ಯಾಜ್ಯವು ಅಂದೇ ತೀರಿಹೋಗುತ್ತಿದ್ದಿತು.

ಈ ಎರಡು ಪಕ್ಷಗಳ ವಂಶಾವಳಿಯನ್ನು ಕೆದಕಿದಾಗ ನನಗೆ ಬಹಳ ಆಪ್ತವಾದ ಒಂದು ಸಂಗತಿಯು ಹೊರಬಿದ್ದಿತು. ಪ್ಲಾಸ್ಮಾ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ; ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಎಂಬ ಪ್ರಾಧ್ಯಾಪಕರೂ ರಾಬರ್ಟ್ ವಿಲ್ಸನ್ ಎಂಬ ಅವರ ವಿದ್ಯಾರ್ಥಿಯೂ ಪ್ಲೇಟೋ ಎಂಬ ಪಾಠ ಹೇಳುವ ಗಣಕಯಂತ್ರಕ್ಕಾಗಿ ಅದನ್ನು ನಿರ್ಮಿಸಿದರು. ಅದಕ್ಕೆ ಎರಡು ವರ್ಷ ಮುಂಚೆ, 1962ರಲ್ಲಿ, ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದು ತಯಾರಿಸಿದ ನಿಕ್ ಹೊಲೊನ್ಯಾಕರು ಓದಿದ್ದೂ ಅದೇ ಇಲಿನಾಯ್‌ನಲ್ಲಿ, 1963ರಿಂದ ಪಾಠ ಹೇಳಲು ಹಿಂದಿರುಗಿದ್ದೂ ಅಲ್ಲಿಗೇ. ಎಂದ ಮೇಲೆ ಇದು ಒಂದೇ ವಾಡೆಯಲ್ಲಿ ಬೆಳೆದ ದಾಯಾದಿಗಳ ಜಗಳ; ಅಣ್ಣತಮ್ಮಂದಿರ ಮಕ್ಕಳು ಬಾಂದಿನ ಕಲ್ಲಿಗಾಗಿ ಚಿಕ್ಕೋಡಿಯ ಕೋರ್ಟಿಗೆ ಅಲೆಯುವುದನ್ನು ಕಂಡವನಾದ ನನಗೆ ಇದರ ಮುಂದಿನ ಗತಿಯನ್ನು ಊಹಿಸುವುದು ಕಷ್ಟವಾಗಲಿಲ್ಲ.

ಪರೀಕ್ಷೆಗಾಗಿ ನಾವು ನಿಪ್ಪಾಣಿಯ ಅಂಗಡಿಗಳನ್ನು ನೋಡಿ, ನಿಪ್ಪಾಣಿಯವರು ಯಾವುದೇ ದೊಡ್ಡ ಖರೀದಿಗೆ ಮಾಡುವಂತೆ ಕೊಲ್ಲಾಪುರಕ್ಕೂ ಹೋದೆವು. ಅಂಗಡಿಯೆಂಬುದು ಪ್ಲಾಸ್ಮಾದ ಪಾಲಿಗೆ ವಧ್ಯಸ್ಥಾನವೆಂದು ತಿಳಿದದ್ದು ಅಲ್ಲಿ. ಮೇಲೆ ಸಾಲುಸಾಲಾಗಿ ಟ್ಯೂಬ್‌ಲೈಟುಗಳು ಉರಿಯುತ್ತಿರಲು, ಗೋಡೆಯ ತುಂಬ ಎಲ್‌ಇಡಿಗಳು ಸಮುದ್ರದೊಳಗಿನ ಮೀನುಗಳನ್ನು, ಮೀನುಗಳೇ ನಂಬಲಾರದಷ್ಟು ನೀಲಿ ಹಳದಿ ಬಣ್ಣಗಳಲ್ಲಿ, ಈಜಾಡಿಸುತ್ತಿದ್ದವು. ಕೆಳಗಿನ ಮೂಲೆಯಲ್ಲಿದ್ದ ಪ್ಲಾಸ್ಮಾವು ಅದೇ ಮೀನುಗಳನ್ನು ದೇವರು ಮಾಡಿದ ಬಣ್ಣದಲ್ಲಿಯೇ ತೋರಿಸುತ್ತ ಮಂಕಾಗಿ ಕುಳಿತಿದ್ದಿತು. ಕಪ್ಪನ್ನು ತೋರಿಸಬೇಕೆಂದು ನಾನು ಕೇಳಿಕೊಳ್ಳಲು, ಅಂಗಡಿಯ ಹುಡುಗನು ನನ್ನ ಮುಖವನ್ನೂ ಅನಂತರ ನನ್ನ ಮಗನ ಮುಖವನ್ನೂ ನೋಡಿ, “ಸಾಹೇಬ್ರ, ಕಪ್ಪ ಕಾಣಬೇಕಂದ್ರ ಲೈಟ ಆರಸಬೇಕಾಗತೈತಿ. ಲೈಟ ಆರಸಿದ್ರ ಮಾಲಕರ ಬೈತಾರ್ರಿ” ಎಂದನು. ನಾನು ಮುಂದೆ ಹೇಳಲಿರುವ ಸಮಸ್ತ ವಿಚಾರವನ್ನು ಆ ಹುಡುಗನು ಎರಡೇ ವಾಕ್ಯಗಳಲ್ಲಿ ಮುಗಿಸಿಬಿಟ್ಟಿದ್ದನೆಂಬುದನ್ನು ಒಪ್ಪಿಕೊಳ್ಳಬೇಕು.

ಏಕೆಂದರೆ ಪ್ಲಾಸ್ಮಾವು ಕತ್ತಲೆಯ ಕೋಣೆಯನ್ನು ಬೇಡುವ ಯಂತ್ರ. ನಮ್ಮ ಪಡಸಾಲೆಯಾದರೋ ಪಶ್ಚಿಮಕ್ಕೆ ಬಾಗಿಲುಳ್ಳದ್ದು. ಸಂಜೆಯ ಬಿಸಿಲು ನೇರವಾಗಿ ಒಳಕ್ಕೆ ಬರುವುದು, ಬಿಸಿಲು ಹೋದ ಮೇಲೆ ನೆರೆಹೊರೆಯವರು ಬರುವರು. ಬಾಗಿಲು ಹಾಕಿಕೊಂಡು ಟೀವಿ ನೋಡುವ ಮನೆಯನ್ನು ಓಣಿಯು ಸಂಶಯದಿಂದ ನೋಡುವುದು. ಪ್ಲಾಸ್ಮಾದ ಮುಖವು ನುಣುಪಾದ ಗಾಜು. ಅದರಲ್ಲಿ ಎದುರಿನ ಬಾಗಿಲು, ಬಾಗಿಲಾಚೆಯ ಬೀದಿ, ಬೀದಿಯಲ್ಲಿ ಹೋಗುವ ಆಡು, ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ಮೂಡುವವು. ನಾಯಕಿಯು ತವರನ್ನು ಬಿಟ್ಟು ಹೊರಡುವ ಕರುಣರಸದ ಘಳಿಗೆಯಲ್ಲಿ ಅವಳ ಹಣೆಯ ಮೇಲೆ ಆಡೊಂದು ನಡೆದುಹೋದರೆ ರಸಭಂಗವಾಗದೆ ಇರದು.

ವಿದ್ಯುತ್ತಿನ ವಿಚಾರವು ಇದಕ್ಕಿಂತ ಕ್ರೂರವಾದದ್ದು. ಅದೇ ಅಳತೆಯ ಎಲ್‌ಇಡಿಗಿಂತ ಪ್ಲಾಸ್ಮಾವು ಎರಡು ಮೂರು ಪಟ್ಟು ಹೆಚ್ಚು ವಿದ್ಯುತ್ತನ್ನು ಕುಡಿಯುವುದು. ಅದೂ ಚಿತ್ರಕ್ಕೆ ತಕ್ಕಂತೆ. ಅಮಾವಾಸ್ಯೆಯ ರಾತ್ರಿಯ ಭೂತದ ಕಥೆಗೆ ಕಡಿಮೆ, ಹಗಲಿನ ಕ್ರಿಕೆಟ್ಟಿಗೆ ಹೆಚ್ಚು. ಅತ್ತೆಸೊಸೆಯರು ಜರತಾರಿ ಉಟ್ಟು ಬಿಳಿಯ ಅಮೃತಶಿಲೆಯ ಅರಮನೆಯಲ್ಲಿ ಕಾದಾಡುವ ಧಾರಾವಾಹಿಗಂತೂ ಇನ್ನೂ ಹೆಚ್ಚು. ಲೈಟು ಹೋಗುವುದೇ ನಿಯಮವಾಗಿದ್ದು ಇರುವುದೇ ಅಪವಾದವಾಗಿದ್ದ ಅಂದಿನ ಬೇಸಗೆಗಳಲ್ಲಿ ನಮ್ಮ ಬಡ ಇನ್ವರ್ಟರು ಎರಡು ಪಂಖ, ಮೂರು ದೀಪಗಳ ಜೊತೆಗೆ ಎಲ್‌ಇಡಿಯನ್ನಾದರೂ ಹೊತ್ತೀತೇ ಹೊರತು ಪ್ಲಾಸ್ಮಾವನ್ನು ಹೊರಲಾರದಾಗಿತ್ತು. “ಅಚ್ಚ ಕಪ್ಪ ಬೇಕಂದ್ರ ದಿನಾ ಲೈಟ ಹೋದಾಗ ಸಿಗತೈತಲ್ಲ, ಪುಕ್ಕಟ” ಎಂದು ಮಗನು ಆಡಿದ ಮಾತು ಅಳಿಯಂದಿರ ಕಿವಿಗೆ ಬಿದ್ದು, ಆ ದೀಪಾವಳಿಗೆ ಅವರು ಒಂದು ದಿನ ತಡವಾಗಿ ಬಂದರು.

ನಾವು ಎಲ್‌ಇಡಿಯನ್ನೇ ತಂದೆವು. ಗಣಪತಿಗಾಗಿ ಗೋಡೆಗೊಂದು ಹಲಗೆಯನ್ನು ಬಡಿಸಲಾಯಿತು. ಅಳಿಯಂದಿರ ಉಪದೇಶವು ವ್ಯರ್ಥವಾಗಲಿಲ್ಲ. ಅವರ ತಂದೆಯವರು, ಎಂದರೆ ಕಾಗವಾಡದ ಕಡೆಯ ನಮ್ಮ ಬೀಗರು, ಒಂದು ಪ್ಲಾಸ್ಮಾವನ್ನು ಕೊಂಡರು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುವ ನನ್ನ ಅಕ್ಕನ ಯಜಮಾನರು, ನಾವೆಲ್ಲ ದಾಜಿಯೆಂದು ಕರೆಯುವವರು, ಮತ್ತೊಂದನ್ನು ಕೊಂಡರು.

ದಾಜಿಯವರ ಪ್ಲಾಸ್ಮಾಕ್ಕೆ ಒದಗಿದ ಕಷ್ಟವು ಗಡಿಸೀಮೆಗೆ ಮಾತ್ರ ಒದಗಬಹುದಾದದ್ದು. ಪ್ಲಾಸ್ಮಾದ ಪರದೆಯಲ್ಲಿ ಒಂದೇ ಆಕೃತಿಯು ಬಹುಕಾಲ ಅಲುಗಾಡದೆ ನಿಂತರೆ ಅಲ್ಲಿಯ ಫಾಸ್ಫರು ಸವೆದು ಅದರ ನೆರಳು ಶಾಶ್ವತವಾಗಿ ಅಚ್ಚೊತ್ತುವುದು. ವಾಹಿನಿಗಳು ಮೂಲೆಯಲ್ಲಿ ಅಂಟಿಸುವ ಲಾಂಛನವು ಇಂಥ ಆಕೃತಿಗಳಲ್ಲಿ ಪ್ರಮುಖವಾದದ್ದು. ನನ್ನ ಅಕ್ಕನು ಬೆಳೆದದ್ದು ಕನ್ನಡದಲ್ಲಿ, ನೋಡುತ್ತಿದ್ದುದು ಕನ್ನಡ ಧಾರಾವಾಹಿಗಳನ್ನೂ, ಆದೇಶ ಬಾಂದೇಕರರು ಮನೆಮನೆಗೆ ಹೋಗಿ ಆಟವಾಡಿಸಿ ಗೆದ್ದ ಗೃಹಿಣಿಗೆ ಪೈಠಣಿ ಕೊಡುತ್ತಿದ್ದ ಮರಾಠಿಯ ‘ಹೋಮ್ ಮಿನಿಸ್ಟರ್’ ಕಾರ್ಯಕ್ರಮವನ್ನೂ. ಅವಳ ಸೊಸೆ ಇಚಲಕರಂಜಿಯವಳು, ನೋಡುವುದು ಮರಾಠಿಯೊಂದನ್ನೇ. ಕೆಲವು ವರ್ಷಗಳಲ್ಲಿ ಪರದೆಯ ಮೂಲೆಗಳಲ್ಲಿ ಒಂದು ಕನ್ನಡ ವಾಹಿನಿಯ ನೆರಳೂ ಒಂದು ಮರಾಠಿ ವಾಹಿನಿಯ ನೆರಳೂ ನೆಲೆಯೂರಿ, ಇಂಗ್ಲಿಷ್ ವಾರ್ತೆಯನ್ನು ಹಾಕಿದರೂ ಹಿಂದಿನಿಂದ ಇಣುಕತೊಡಗಿದವು. 1967ರ ಮಹಾಜನ ಆಯೋಗದ ವರದಿಯಿಂದಲೂ ತೀರದೆ 2004ರಿಂದ ಸುಪ್ರೀಂ ಕೋರ್ಟಿನ ಮುಂದಿರುವ ಗಡಿವಿವಾದಕ್ಕೆ ದಾಜಿಯವರ ಪರದೆಯು ಒಂದು ದಾಖಲೆಯಾಗಿ ಹಾಜರಾಗಬಹುದಿತ್ತು. ಆದರೆ ಅದು ಯಾರ ಪರವಾದ ದಾಖಲೆಯೆಂಬುದನ್ನು ಹೇಳಲು ವಕೀಲರಿಗೂ ಸಾಧ್ಯವಾಗಲಾರದು.

ಬೀಗರ ಪ್ಲಾಸ್ಮಾದ ಕಥೆಯಲ್ಲಿ ಕೃಷ್ಣೆಯು ಪ್ರವೇಶಿಸುವಳು. 2019ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಬಿದ್ದ ಮಳೆಯು ಕೃಷ್ಣೆಯಲ್ಲಿ ಇಳಿದುಬಂದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ದಂಡೆಯ ಊರುಗಳನ್ನು ಮುಳುಗಿಸಿದಾಗ, ಜನರು ದನಕರುಗಳನ್ನು ಬಿಚ್ಚಿ, ಕಾಳಿನ ಚೀಲಗಳನ್ನು ಹೊತ್ತು, ಅನಂತರ ಟೀವಿಯನ್ನು ಹೊತ್ತರು. ಎಲ್‌ಇಡಿಯುಳ್ಳ ಮನೆಗಳ ಹುಡುಗರು ಅದನ್ನು ಕಂಕುಳಲ್ಲಿ ಇರುಕಿಕೊಂಡು ನಡೆದೇಬಿಟ್ಟರು. ಬೀಗರದನ್ನಾದರೋ ಎತ್ತುವುದಕ್ಕೆ ಇಬ್ಬರು ಗಟ್ಟಿಯಾಳುಗಳೇ ಬೇಕು. ಮೇಲಾಗಿ ಪ್ಲಾಸ್ಮಾವನ್ನು ಅಡ್ಡ ಮಲಗಿಸಿ ಒಯ್ದರೆ ಗಾಜು ಬಿರಿಯುವುದೆಂದು ಅಳಿಯಂದಿರು ಪುಣೆಯಿಂದ ಗಳಿಗೆಗೊಮ್ಮೆ ಫೋನು ಮಾಡಿ ಎಚ್ಚರಿಸುತ್ತಿದ್ದರು. ಆದುದರಿಂದ ಅದನ್ನು ಟ್ರೇಲರಿನ ನಟ್ಟನಡುವೆ ನೆಟ್ಟಗೆ ನಿಲ್ಲಿಸಿ, ಎರಡೂ ಕಡೆ ಹಾಸಿಗೆಯ ಸುರುಳಿಗಳನ್ನೊತ್ತಿ, ಮಳೆ ತಾಗದಂತೆ ಬೀಗಿತಿಯವರ ರೇಶಿಮೆಯ ಹಳೆಯ ಸೀರೆಯೊಂದನ್ನು ಹೊದಿಸಿ, ಬೀಗರು ಸ್ವತಃ ಪಕ್ಕದಲ್ಲಿ ಕುಳಿತು ಛತ್ರಿ ಹಿಡಿದು ಹೊರಟರು. ದಾರಿಯ ಊರೊಂದರಲ್ಲಿ ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಎದ್ದು ನಿಂತು, ಕೈಮುಗಿದು, “ಯಾ ಊರ ದೇವರೋ ಯಪ್ಪಾ, ನೀರಾಗಿನ್ನಿಂದ ಎದ್ದ ಬಂದಿ” ಎಂದಳಂತೆ. ಬೀಗರು ಆ ಭಕ್ತಿಗೆ ಭಂಗ ತರಲಿಲ್ಲ.

ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ಪ್ಲಾಸ್ಮಾವು ಅಷ್ಟರಲ್ಲಾಗಲೇ ಮಾರುಕಟ್ಟೆಯಲ್ಲಿ ಸ್ವರ್ಗಸ್ಥವಾಗಿದ್ದಿತು. ತನ್ನ ಕಪ್ಪಿನಿಂದಲೇ ಹೆಸರಾದ ಕುರೋ ಎಂಬ ಟೀವಿಯನ್ನು ಮಾಡುತ್ತಿದ್ದ ಪಯೋನಿಯರ್ ಕಂಪನಿಯು ಬಹು ಮೊದಲೇ ವ್ಯಾಪಾರವನ್ನು ಬಿಟ್ಟಿದ್ದಿತು. ಪ್ಯಾನಸಾನಿಕ್ 2013ರ ಕೊನೆಗೆ ಉತ್ಪಾದನೆಯನ್ನು ನಿಲ್ಲಿಸಿತು. 2014ರ ನವೆಂಬರಿನ ಹೊತ್ತಿಗೆ ಸ್ಯಾಮ್‌ಸಂಗ್, ಎಲ್‌ಜಿಗಳೂ ಕೈಬಿಟ್ಟವು. ಅದೇ 2014ರಲ್ಲಿ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಹುಮಾನವು ಬಂದಿತು. ಒಬ್ಬ ದಾಯಾದಿಯ ಮನೆಯಲ್ಲಿ ಸೂತಕ, ಇನ್ನೊಬ್ಬನ ಮನೆಯಲ್ಲಿ ಸತ್ಕಾರ, ಒಂದೇ ವರ್ಷ. ಈಗ ಓಎಲ್‌ಇಡಿ ಎಂಬುದೊಂದು ಬಂದು, ಒಂದೊಂದು ಬಿಂದುವೂ ತಾನೇ ಉರಿದು ತಾನೇ ನಂದುವುದರಿಂದ ಕಪ್ಪು ಅಚ್ಚಗಿರುವುದೆಂದೂ, ಆದರೆ ಲಾಂಛನದ ನೆರಳು ಅಂಟುವ ಭಯವುಂಟೆಂದೂ ಅಳಿಯಂದಿರು ಹೇಳುತ್ತಾರೆ. ಸತ್ತವನು ತನ್ನ ಗುಣದೋಷಗಳೆರಡನ್ನೂ ಹೊತ್ತು ಮರಳಿ ಹುಟ್ಟಿದ್ದಾನೆಂದು ನನಗನ್ನಿಸುತ್ತದೆ.

ಪ್ಲಾಸ್ಮಾದ ಮಹಿಮೆಯನ್ನು ನಾನು ಅದರ ಯೋಗ್ಯತೆಗೆ ತಕ್ಕಂತೆ ಕಂಡದ್ದು ಒಂದೇ ಸಲ, ನಿಪ್ಪಾಣಿಯಲ್ಲಿ. ಮನೆಯ ಹೆಂಗಸರು ಗುಡಿಗೆ ಹೋಗಿದ್ದ ಸಮಯವನ್ನು ಸಾಧಿಸಿ ದಾಜಿಯವರು ಬಾಗಿಲೆಳೆದು, ಕಿಟಕಿಗೆ ಚಾದರವನ್ನು ಕಟ್ಟಿ, ಗುರುದತ್ತರ ‘ಕಾಗಜ್ ಕೇ ಫೂಲ್’ ಚಿತ್ರವನ್ನು ಹಚ್ಚಿದರು. 1959ರ ಆ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಮೈಸೂರಿನಲ್ಲಿ ಹುಟ್ಟಿದ ನಮ್ಮ ವಿ. ಕೆ. ಮೂರ್ತಿಯವರು. ಬರಿದಾದ ಸ್ಟುಡಿಯೋದ ಕತ್ತಲೆಯೊಳಕ್ಕೆ ದೊಡ್ಡ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ತಿರುಗಿಸಿ ಅವರು ಹಾಯಿಸಿದ ಆ ಬೆಳಕಿನ ತೊಲೆಯು ಪರದೆಯ ಮೇಲೆ ಇಳಿಯತೊಡಗಿತು. ಸುತ್ತಲಿನ ಕಪ್ಪು ಎಲ್ಲಿ ಮುಗಿಯಿತು, ಟೀವಿಯ ಚೌಕಟ್ಟು ಎಲ್ಲಿ ಮೊದಲಾಯಿತು, ದಾಜಿಯವರ ಗೋಡೆ ಎಲ್ಲಿತ್ತು ಎಂಬುದೊಂದೂ ತಿಳಿಯದಂತಾಗಿ, ಮೂಲೆಯ ಕನ್ನಡ ಮರಾಠಿ ನೆರಳುಗಳು ಕೂಡ ಆ ಕಪ್ಪಿನಲ್ಲಿ ಭೇದವನ್ನು ಮರೆತು ಮಾಯವಾದವು. ದಾಜಿಯವರು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಅಳಿಯಂದಿರಿಗೆ ಫೋನು ಮಾಡಿ ಅವರ ವಾದವನ್ನು ಒಪ್ಪಿಕೊಳ್ಳಬೇಕೆಂದು ನಾನು ಮನಸ್ಸಿನಲ್ಲಿಯೇ ನಿಶ್ಚಯಿಸಿದೆ.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು.

“ಅಯ್ಯ, ಇದೇನಿದು! ದೀಪಾ ಹಚ್ಚೂ ಹೊತ್ತಿನ್ಯಾಗ ಮನಿಯೆಲ್ಲಾ ಕತ್ತಲಿ ಮಾಡ್ಕೊಂಡ ಕುಂತೀರಲ್ಲ! ಲಕ್ಷ್ಮಿ ಬಾಗಲತನಾ ಬಂದ ತಿರಗಿ ಹೋಗಬೇಕೇನು?” ಎನ್ನುತ್ತ ಅಕ್ಕನು ಟ್ಯೂಬ್‌ಲೈಟು ಹಚ್ಚಿದಳು. ಗಾಜಿನಲ್ಲಿ ಟ್ಯೂಬ್‌ಲೈಟು, ಬಾಗಿಲು, ಬಾಗಿಲಲ್ಲಿ ಹಣ್ಣುಕಾಯಿಯ ಬುಟ್ಟಿ ಹಿಡಿದ ಸೊಸೆ, ಬಾಯ್ದೆರೆದ ನಾವಿಬ್ಬರು, ಇವೆಲ್ಲವೂ ಸ್ಪಷ್ಟವಾಗಿ ಮೂಡಿದವು. ಗುರುದತ್ತರು ಇವೆಲ್ಲದರ ಹಿಂದೆ ಎಲ್ಲಿಯೋ ಇದ್ದರು.

ದಾಜಿಯವರು ಕ್ಷೀಣಸ್ವರದಲ್ಲಿ, “ಅಲ್ಲs, ಕಪ್ಪ ನೋಡಾಕತ್ತಿದ್ವಿ” ಎಂದರು.

“ಕಪ್ಪ ನೋಡಾಕ ಟೀವಿ ಯಾಕ ಬೇಕ? ಬಂದ್ ಮಾಡಿ ಅದರ ಮುಂದ ಕುಂಡ್ರಿ” ಎಂದು ಅಕ್ಕನು ರಿಮೋಟನ್ನು ಕಸಿದುಕೊಂಡು, ಪೈಠಣಿ ಯಾರಿಗೆ ಬಂದಿತೆಂಬುದನ್ನು ನೋಡಲು ಮರಾಠಿ ವಾಹಿನಿಯನ್ನು ಹಾಕಿದಳು.