ಬೆಕ್ಕು, ಇಲಿ ಮತ್ತು ತೋಟದ ಮಂಗ

ಹೆಸರಿನಲ್ಲೇ ನರಿಯನ್ನು ಇಟ್ಟುಕೊಂಡ ಪುತ್ತೂರಿನ ನರಿಮೊಗರಿನಂಥ ಊರಿಗೆ ‘ಟಾಮ್ ಅಂಡ್ ಜೆರ್ರಿ’ ಯಾಕೆ ಹಳತಾಗುವುದಿಲ್ಲ ಎಂದು ಪಾಠ ಹೇಳಬೇಕಾಗಿಲ್ಲ. ಈ ಸೀಮೆಯ ತೋಟಗಳಲ್ಲಿ ಅದು ಟಿ.ವಿ. ಇಲ್ಲದೆಯೇ ನಡೆಯುತ್ತದೆ. ಮಂಗ ಬೊಂಡಕ್ಕೆ ಕೈ ಹಾಕುತ್ತದೆ. ಯಜಮಾನರು ಗರ್ನಾಲು ಹೊಡೆಯುತ್ತಾರೆ, ಹುಲಿಗೊಂಬೆ ಕಟ್ಟುತ್ತಾರೆ. ನಾಲ್ಕು ದಿನ ಕಳೆದರೆ ಮಂಗ ಆ ಹುಲಿಯ ಪಕ್ಕದಲ್ಲೇ ಕೂತು ಬೊಂಡ ಕುಡಿಯುತ್ತದೆ. ಟಾಮ್–ಜೆರ್ರಿಯನ್ನು ಸೃಷ್ಟಿಸಿದ ಹನ್ನಾ–ಬಾರ್ಬೆರಾ ಜೋಡಿ 1940ರಿಂದ 1958ರ ತನಕ 114 ಕಿರುಚಿತ್ರಗಳಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇಷ್ಟನ್ನೇ: ಉಪಾಯ ದೊಡ್ಡದಾದಷ್ಟೂ ಪೆಟ್ಟು ದೊಡ್ಡದು. ಅವಕ್ಕೆ 7 ಆಸ್ಕರ್ ಬಂದವು. ಮಂಗನಿಗೆ ಒಂದೂ ಇಲ್ಲ.

ಒಂದೇ ಕಥೆಯನ್ನು ಎಷ್ಟು ಸಲ ನೋಡುವುದು ಎನ್ನುವವರುಂಟು. ಯಕ್ಷಗಾನದಲ್ಲಿ ಮಹಿಷಾಸುರ ಸಾಯುತ್ತಾನೆಂದು ಗೊತ್ತಿಲ್ಲದೆ ಯಾರಾದರೂ ಬೆಳಗಿನ ತನಕ ಕೂರುತ್ತಾರೆಯೇ? ಏನಾಗುತ್ತದೆ ಎಂಬುದಲ್ಲ, ಹೇಗಾಗುತ್ತದೆ ಎಂಬುದೇ ರುಚಿ. ಹಾಸ್ಯಗಾರ ಎಡವುವ ಕ್ಷಣವೂ ಟಾಮ್ ಗೋಡೆಗೆ ಬಡಿಯುವ ಕ್ಷಣವೂ ತಾಳದ ಲೆಕ್ಕದವು. ಅರೆಗಳಿಗೆ ತಪ್ಪಿದರೆ ನಗುವಿಲ್ಲ, ಬರೀ ಅಯ್ಯೋ ಪಾಪ. ಆ ಕಿರುಚಿತ್ರಗಳಲ್ಲಿ ಸ್ಕಾಟ್ ಬ್ರಾಡ್ಲಿಯ ಸಂಗೀತ ಚೆಂಡೆಯ ಕೆಲಸ ಮಾಡುತ್ತದೆ. ಮಾತು ಕಡಿಮೆಯಾದ್ದರಿಂದ ತುಳು, ಕನ್ನಡ, ಹವ್ಯಕ, ಬ್ಯಾರಿ ಯಾವ ಮನೆಮಾತಿನ ಮಗುವಿಗೂ ಅನುವಾದ ಬೇಡ.

ಮಕ್ಕಳು ಹೊಡೆದಾಟ ಕಲಿಯುತ್ತಾರೆಂಬ ಆಕ್ಷೇಪ ಇನ್ನೂ ಗಟ್ಟಿ. ತೀರಾ ಚಿಕ್ಕವರ ವಿಷಯದಲ್ಲಿ ಒಪ್ಪಲೇಬೇಕು. ಆದರೆ ದೋಸೆಯಂತೆ ಚಪ್ಪಟೆಯಾದ ಬೆಕ್ಕು ಮರುಗಳಿಗೆ ಎದ್ದು ಮೈಕೊಡವಿಕೊಳ್ಳುವುದನ್ನು ಕಂಡು ನಗುವ ಮಗುವಿಗೆ ಅದು ನಿಜವಲ್ಲವೆಂದು ತಿಳಿದಿರುತ್ತದೆ. ಹುಲಿಗೊಂಬೆಯ ಗುಟ್ಟು ಮಂಗನಿಗೇ ನಾಲ್ಕು ದಿನದಲ್ಲಿ ತಿಳಿಯುತ್ತದಲ್ಲ!