ತಾರೀಖಪ್ಪನವರು

ವಾಕಿಂಗ್‌ಗೆ ಬರುವ ಗಂಡಸರ ಗುಂಪಿನಲ್ಲಿ ಶುಗರಿನವರು, ಷೇರಿನವರು, ಸೊಸೆಯ ಮೇಲೆ ದೂರಿನವರು ಇರುವ ಹಾಗೆ ತಾರೀಖಿನವರೊಬ್ಬರು ಇದ್ದೇ ಇರುತ್ತಾರೆ. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಅವರಿಗೆ ತಾರೀಖಪ್ಪನವರು ಎಂದೇ ಹೆಸರು. ಅಪ್ಪ ಅಮ್ಮ ಇಟ್ಟದ್ದು ಬೇರೆ ಇದೆ. ಅದೀಗ ಪಿಂಚಣಿಯ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಎದುರು ಸಿಕ್ಕವರನ್ನು ಬೇರೆಯವರು ‘ತಿಂಡಿ ಆಯ್ತಾ?’ ಎಂದು ಕೇಳಿದರೆ ಇವರು ‘ಇವತ್ತು ಏನು ದಿನ ಗೊತ್ತಾ?’ ಎಂದು ಕೇಳುತ್ತಾರೆ. ಗೊತ್ತಿಲ್ಲ ಅಂದರೆ ಹೇಳಿಯೇ ಬಿಡುತ್ತಾರೆ. ಗೊತ್ತು ಅಂದರೆ ‘ಅದಲ್ಲ ಸಾರ್, ಇನ್ನೊಂದಿದೆ’ ಅನ್ನುತ್ತಾರೆ.

ಆ ಇನ್ನೊಂದೇ ಅವರ ಜೀವಾಳ. ಏಪ್ರಿಲ್ 24 ಅಣ್ಣಾವ್ರ ಹುಟ್ಟಿದ ದಿನ ಅಂತ ಆಟೋ ಸ್ಟ್ಯಾಂಡಿನ ಹುಡುಗರಿಗೂ ಗೊತ್ತು. ಅದನ್ನು ಹೇಳುವುದರಲ್ಲಿ ಏನು ಸುಖ? 1929ರಲ್ಲಿ ರಾಜ್‌ಕುಮಾರ್ ಹುಟ್ಟಿದ ತಾರೀಖಿಗೇ 1973ರಲ್ಲಿ ಸಚಿನ್ ತೆಂಡೂಲ್ಕರ್ ಹುಟ್ಟಿದರು ಎನ್ನುವಾಗ ಅವರ ಮುಖ ನೋಡಬೇಕು. ಆ ಇಬ್ಬರು ಮಹನೀಯರೂ ಮಾತಾಡಿಕೊಂಡು ಈ ಗುಟ್ಟನ್ನು ಇವರೊಬ್ಬರ ಕಿವಿಯಲ್ಲೇ ಹೇಳಿಹೋದಂತೆ ದನಿ ತಗ್ಗಿಸುತ್ತಾರೆ. ಅಕ್ಟೋಬರ್ 10 ಬಂದರೆ ಶಿವರಾಮ ಕಾರಂತರಿಗೂ ಆರ್.ಕೆ. ನಾರಾಯಣರಿಗೂ ಗಂಟು ಹಾಕುತ್ತಾರೆ. ಮಾರ್ಚ್ 17ಕ್ಕೆ ಡಿವಿಜಿಯವರನ್ನೂ ಪುನೀತ್ ರಾಜ್‌ಕುಮಾರರನ್ನೂ ಅಕ್ಕಪಕ್ಕ ಕೂರಿಸುತ್ತಾರೆ. ಒಬ್ಬರು 1887, ಇನ್ನೊಬ್ಬರು 1975. ನಡುವಿನ ವರ್ಷಗಳು ತಾರೀಖಪ್ಪನವರ ಲೆಕ್ಕಕ್ಕೆ ಬರುವುದಿಲ್ಲ. ಇಸವಿ ಅನ್ನುವುದು ಅವರಿಗೆ ಬರೀ ಪಿನ್‌ಕೋಡು.

ಈ ಗೀಳು ಹತ್ತಿದ್ದು ಡೇಟ್ ಸೀಲಿನಿಂದ. ಮಂಡ್ಯದ ಕಡೆಯ ಹಳ್ಳಿಯಿಂದ ಬಂದು ರಾಷ್ಟ್ರೀಕೃತ ಬ್ಯಾಂಕೊಂದಕ್ಕೆ ಗುಮಾಸ್ತೆಯಾಗಿ ಸೇರಿದಾಗ, ಕೌಂಟರ್ ತೆರೆಯುವ ಮುಂಚೆ ಸೀಲಿನ ರಬ್ಬರ್ ಪಟ್ಟಿ ತಿರುಗಿಸಿ, ರದ್ದಿ ಕಾಗದದ ಮೇಲೆ ಒಂದು ಸಲ ಒತ್ತಿ ನೋಡುವುದು ಇವರ ಪಾಲಿಗೆ ಬಂದ ಕೆಲಸ. ತಿರುಗಿಸುವುದು ಮರೆತರೆ ಇಡೀ ಬ್ಯಾಂಕೇ ನಿನ್ನೆಯಲ್ಲಿ ಉಳಿದುಬಿಡುತ್ತದೆ. ಹೀಗೆ ದಿನ ಬೆಳಗಾದರೆ ತಾರೀಖನ್ನು ಉಗುರಿನಲ್ಲಿ ತಳ್ಳಿ ಮುಂದಕ್ಕೆ ಸಾಗಿಸುತ್ತಿದ್ದ ಮನುಷ್ಯನಿಗೆ ಅದರ ಮೇಲೆ ಒಂದು ಬಗೆಯ ಯಜಮಾನಿಕೆ ಬಂದರೆ ಆಶ್ಚರ್ಯವಿಲ್ಲ. ಮುಂದೆ ಮ್ಯಾನೇಜರಾದರು, ಊರೂರು ವರ್ಗವಾದರು, ಕಂಪ್ಯೂಟರ್ ಬಂದು ಸೀಲು ಮೂಲೆ ಸೇರಿತು. ಗೀಳು ಮಾತ್ರ 1984ರ ಬ್ಯಾಂಕ್ ಡೈರಿಯೊಳಗೆ ಇಳಿದು ಅಲ್ಲೇ ಮನೆ ಮಾಡಿತು.

ಆ ಡೈರಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. 1984 ಏಕೆಂದರೆ ಅದು ಅಧಿಕ ವರ್ಷ, 366 ಪುಟ ಸಿಗುತ್ತವೆ. ಫೆಬ್ರವರಿ 29ರ ಪುಟದಲ್ಲಿ ಮೊರಾರ್ಜಿ ದೇಸಾಯಿ ಒಬ್ಬರೇ ಕಾಲು ಚಾಚಿಕೊಂಡು ಕೂತಿದ್ದಾರೆ. ಡಿಸೆಂಬರ್ 29ರಲ್ಲಿ ಕಾಲಿಡಲು ಜಾಗವಿಲ್ಲ. ಮೇಲೆ ಕೆಂಪು ಶಾಯಿಯಲ್ಲಿ ಕುವೆಂಪು, 1904. ಕೆಳಗೆ ನೀಲಿಯಲ್ಲಿ ರಾಜೇಶ್ ಖನ್ನಾ, 1942. ಅದರ ಕೆಳಗೆ ಗಾಯಕ ಸಿ. ಅಶ್ವಥ್ ಎರಡು ಸಲ: 1939ರಲ್ಲಿ ಹುಟ್ಟಿದ್ದಕ್ಕೆ ಒಂದು, 2009ರಲ್ಲಿ ತೀರಿಕೊಂಡದ್ದಕ್ಕೆ ಒಂದು. ಪಕ್ಕದಲ್ಲಿ ಹಸಿರು ಶಾಯಿಯ ರೈಟ್ ಗುರುತು. ಏನಿದು ಎಂದು ಕೇಳಿದರೆ, ‘ಟ್ಯಾಲಿ ಆಗಿದೆ’ ಅಂದರು. ಹುಟ್ಟಿದ ತಾರೀಖಿಗೇ ಸತ್ತವರೆಂದರೆ ಅವರಿಗೆ ಎಲ್ಲಿಲ್ಲದ ಗೌರವ. ಜಮಾ ಖರ್ಚು ಸರಿ ಮಾಡಿ ಪುಸ್ತಕ ಮುಚ್ಚಿ ಹೋದವರು ಎಂಬ ಭಾವನೆ. ಮಾಸ್ತಿಯವರಿಗೆ ಜೂನ್ 6ರಲ್ಲಿ ಹಸಿರು ಗುರುತು ಬಿದ್ದಿದೆ (1891, 1986). ಜುಲೈ 1ರಲ್ಲಿ ಡಾಕ್ಟರ್ ಬಿ.ಸಿ. ರಾಯ್ ಅವರಿಗೆ ಬಿದ್ದಿದೆ (1882, 1962). ಅದೇ ಪುಟದ ತಲೆಯ ಮೇಲೆ 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವೂ ಇದೆ. ವೈದ್ಯರಿಗೂ ಪತ್ರಕರ್ತರಿಗೂ ಒಂದೇ ದಿನ ಹಬ್ಬ ಬರುವುದರಿಂದ ಯಾರು ಯಾರಿಗೆ ಶುಭಾಶಯ ಹೇಳಬೇಕು ಎಂಬ ಪ್ರಶ್ನೆಯೂ ಪೆನ್ಸಿಲಿನಲ್ಲಿದೆ.

ಡಿಸೆಂಬರ್ 29ರ ಪುಟ ತಿರುಗಿಸಿ ಅವರು ಸುಮ್ಮನಾದರು. ಮುಂದಿನ ಪುಟದಲ್ಲಿ ವಿಷ್ಣುವರ್ಧನ್, 2009. ‘ಅಶ್ವಥ್ ಅವರಿಗೆ ಒಂದೇ ದಿನ ಸಿಕ್ಕಿದ್ದು ನೋಡಿ. ಮಾರನೇ ದಿನ ಬೆಳಿಗ್ಗೆ ಸುದ್ದಿಯೆಲ್ಲ ಈ ಕಡೆ ಬಂದುಬಿಡ್ತು.’ ಹೀಗೆ ನೆರಳಿಗೆ ಬಿದ್ದವರ ಪಟ್ಟಿಯೇ ಅವರ ಹತ್ತಿರ ಇದೆ. 1963ರ ನವೆಂಬರ್ 22ರಂದು ಕೆನಡಿಗೆ ಗುಂಡು ಬಿದ್ದ ದಿನವೇ ಆಲ್ಡಸ್ ಹಕ್ಸ್‌ಲಿ ಮತ್ತು ಸಿ.ಎಸ್. ಲೂಯಿಸ್ ಎಂಬ ಇಬ್ಬರು ದೊಡ್ಡ ಲೇಖಕರೂ ತೀರಿಕೊಂಡರು. ಅತ್ತ ಯಾರೂ ತಿರುಗಿ ನೋಡಲಿಲ್ಲ. ತಾರೀಖಪ್ಪನವರ ಡೈರಿಯಲ್ಲಿ ಮಾತ್ರ ಮೂವರಿಗೂ ಎರಡೆರಡು ಸಾಲು, ಅಮೆರಿಕದ ಅಧ್ಯಕ್ಷರೆಂದು ಮೂರನೆಯ ಸಾಲಿಲ್ಲ. ಅವರನ್ನು ಎಷ್ಟು ಗೇಲಿ ಮಾಡಿದರೂ, ಈ ಒಂದು ವಿಷಯದಲ್ಲಿ ನಾನು ಅವರ ಪಕ್ಷ.

ಇನ್ನು ಉಳಿದ ವಿಷಯಗಳಲ್ಲಿ ಅವರ ಜೊತೆ ಬಾಳುವುದು ಕಷ್ಟ. ನಮ್ಮ ಗುಂಪಿನವರೊಬ್ಬರು ಆಷಾಢ ಹಿಡಿಯುವುದರೊಳಗೆ ಮಗಳ ಮದುವೆ ಮುಗಿಸಬೇಕೆಂದು ಓಡಾಡಿ, ಅಂತೂ ಛತ್ರ ಸಿಕ್ಕಿ, ಲಗ್ನಪತ್ರಿಕೆ ಹಂಚಿದರು. ಲಗ್ನಪತ್ರಿಕೆ ಕೈಗೆ ಬಂದರೆ ಜನ ಹುಡುಗನಿಗೆ ಕೆಲಸ ಎಲ್ಲಿ ಎಂದು ನೋಡುತ್ತಾರೆ, ಊಟದ ಹೊತ್ತು ನೋಡುತ್ತಾರೆ. ಇವರು ತಾರೀಖು ನೋಡಿ ಹುಬ್ಬೇರಿಸಿದರು.

‘ಜೂನ್ 25! ಎಮರ್ಜೆನ್ಸಿ ಹಾಕಿದ ದಿನ ಅಲ್ವಾ ಸಾರ್!’

ಅಷ್ಟಕ್ಕೆ ಬಿಡಲಿಲ್ಲ. 1975ರ ಆ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದ್ದು, ದೆಹಲಿಯ ಪತ್ರಿಕಾ ಕಚೇರಿಗಳಿಗೆ ಕರೆಂಟು ಹೋದದ್ದು, ಬೆಂಗಳೂರಿಗೆ ಬಂದಿದ್ದ ವಾಜಪೇಯಿ ಮತ್ತು ಅಡ್ವಾಣಿಯವರನ್ನು ಮಾರನೇ ದಿನ ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದ್ದು, ಎಲ್ಲ ಹೇಳಿದರು. ಹೆಣ್ಣಿನ ತಂದೆಯ ಮುಖ ಬಿಳಿಚಿಕೊಂಡಿತು. ಆಗ ನಮ್ಮವರು, ‘ಗಾಬರಿ ಆಗ್ಬೇಡಿ, ಇನ್ನೊಂದಿದೆ’ ಎಂದು ಬೆನ್ನು ತಟ್ಟಿದರು. 1983ರ ಜೂನ್ 25, ಲಾರ್ಡ್ಸ್. ನಮ್ಮದು 183, ವೆಸ್ಟ್ ಇಂಡೀಸಿನದು 140. ನಮ್ಮ ರೋಜರ್ ಬಿನ್ನಿಗೆ ಟೂರ್ನಿಯಲ್ಲಿ 18 ವಿಕೆಟ್, ಸ್ಟಂಪಿನ ಹಿಂದೆ ನಮ್ಮ ಕಿರ್ಮಾನಿ. ಹೆಣ್ಣಿನ ತಂದೆಗೆ ಹೋದ ಜೀವ ಬಂದಂತಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ‘ಮೈಕೆಲ್ ಜಾಕ್ಸನ್ ಹೋಗಿದ್ದೂ ಅವತ್ತೇ, 2009ರಲ್ಲಿ’ ಎಂದು ಸೇರಿಸಿ, ಕಾಫಿ ಲೋಟ ಕೆಳಗಿಟ್ಟರು. ಮದುವೆ ಚೆನ್ನಾಗಿಯೇ ಆಯಿತು. ಅಕ್ಷತೆ ಹಾಕುವಾಗ ಮದುಮಗನ ಕಿವಿಯ ಹತ್ತಿರ ಬಗ್ಗಿ, ‘ಇಪ್ಪತ್ತೊಂದೇ ತಿಂಗಳು, ಆಮೇಲೆ ಎಲ್ಲ ಸರಿಹೋಗುತ್ತೆ’ ಅಂದರಂತೆ. ಆ ಹುಡುಗ ಅದನ್ನು ಏನೆಂದು ತಿಳಿದುಕೊಂಡನೋ.

ಇನ್ನೊಬ್ಬರ ಮನೆಯಲ್ಲಿ ಮೊಮ್ಮಗು ಹುಟ್ಟಿದಾಗಲೂ ಇದೇ ಕತೆ. ತೊಟ್ಟಿಲಿನೊಳಗೆ ಇಣುಕುವ ಮುಂಚೆ ‘ಸೆಪ್ಟೆಂಬರ್ ಮೂವತ್ತಾ? ಶಂಕರ್‌ನಾಗ್ ಹೋದ ದಿನ’ ಅಂದರು. ಬಾಣಂತಿಯ ಅಮ್ಮ ಒಳಗಿನಿಂದ ಕೆಮ್ಮಿದ ರೀತಿ ಕೇಳಿ ಎಚ್ಚೆತ್ತು, ಹೃಷಿಕೇಶ್ ಮುಖರ್ಜಿ ಹುಟ್ಟಿದ್ದೂ ಆವತ್ತೇ ಎಂದು ತೇಪೆ ಹಾಕಲು ಹೋದರು. ಆ ಹೆಂಗಸಿಗೆ ಮುಖರ್ಜಿ ಯಾರೆಂದು ಗೊತ್ತಿರಲಿಲ್ಲ, ಶಂಕರ್‌ನಾಗ್ ಗೊತ್ತಿತ್ತು. ಕೊಬ್ಬರಿ ಸಕ್ಕರೆ ಇವರಿಗೆ ಬರಲಿಲ್ಲ.

ಸ್ವಾತಂತ್ರ್ಯ ದಿನದ ಧ್ವಜಾರೋಹಣದಲ್ಲಿ ಮೈಕು ಇವರ ಕೈಗೆ ಹೋಗದಂತೆ ನೋಡಿಕೊಳ್ಳಲು ಬಡಾವಣೆಯ ಸಂಘದವರು ಒಬ್ಬರನ್ನು ನೇಮಿಸಿದ್ದಾರೆ. ಆದರೂ ಒಂದು ಸಲ ಕಿತ್ತುಕೊಂಡರು. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15 ಅಂತಾರೆ, ನಂದಗಡದಲ್ಲಿ ನೇಣಿಗೇರಿದ್ದು 1831ರ ಜನವರಿ 26 ಎಂದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೂ ಮೈ ಜುಮ್ಮೆಂದಿತು. ಚಪ್ಪಾಳೆ ಕೇಳಿದ್ದೇ ತಪ್ಪಾಯಿತು. ‘ಇನ್ನೊಂದಿದೆ’ ಎಂದವರೇ 1975ರ ಆಗಸ್ಟ್ 15ಕ್ಕೆ ‘ಶೋಲೆ’ ಬಿಡುಗಡೆ, ರಾಮನಗರದ ಬಂಡೆ, ಎಂದು ಶುರು ಮಾಡಿದರು. ಹಿಂದಿನ ಸಾಲಿನ ಮಕ್ಕಳು ಗಬ್ಬರ್ ಸಿಂಗನ ನಗು ನಕ್ಕವು. ರಾಯಣ್ಣನ ಚಪ್ಪಾಳೆ ನೀರುಪಾಲಾಯಿತು.

ಗುಂಪಿನಲ್ಲಿ ಅವರಿಗೆ ಒಬ್ಬರೇ ಎದುರಾಳಿ, ಗಣಿತದ ನಿವೃತ್ತ ಲೆಕ್ಚರರು. ಮಾತು ಕಡಿಮೆ, ಆಡಿದರೆ ಲೆಕ್ಕ. ‘ಸ್ವಾಮಿ, ಇಪ್ಪತ್ತಮೂರು ಜನ ಸೇರಿದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗೋ ಸಂಭವ ಅರ್ಧಕ್ಕಿಂತ ಜಾಸ್ತಿ. ಇರೋದು 366 ಸೀಟು, ಹತ್ತಬೇಕಾದ್ದು ಪ್ರಪಂಚದ ಚರಿತ್ರೆಯೆಲ್ಲ. ಬೆಳಿಗ್ಗೆ ಎಂಟರ ಮಂಡ್ಯ ಬಸ್ಸಿನಲ್ಲಿ ಯಾರು ಯಾರ ತೊಡೆ ಮೇಲೆ ಕೂತರು ಅಂತ ಆಶ್ಚರ್ಯ ಪಡ್ತೀರಾ?’ ಎಂದರು. ತಾರೀಖಪ್ಪನವರು ಎರಡು ಸುತ್ತು ಮಾತಾಡದೆ ನಡೆದರು. ಮೂರನೇ ಸುತ್ತಿಗೆ, ಪರೀಕ್ಷೆ ಮಾಡಿಯೇ ನೋಡೋಣ ಎಂದು ಪಾರ್ಕಿನವರೆಲ್ಲರ ಹುಟ್ಟಿದ ದಿನ ಬರೆದುಕೊಂಡರು. ಲೆಕ್ಕ ಕೆಟ್ಟುಹೋಯಿತು. ಅರ್ಧಕ್ಕರ್ಧ ಜನ ಮೇ, ಜೂನ್‌ನಲ್ಲಿ ಹುಟ್ಟಿದ್ದರು, ಅದರಲ್ಲೂ ಜೂನ್ 1ಕ್ಕೆ ಭಾರೀ ನೂಕುನುಗ್ಗಲು. ನಮ್ಮ ಕಾಲದವರ ಹುಟ್ಟಿದ ದಿನವನ್ನು ದೇವರು ಬರೆದವನಲ್ಲ, ಒಂದನೇ ಕ್ಲಾಸಿನ ಮೇಷ್ಟ್ರು ಬರೆದವರು. ಸ್ಕೂಲು ಶುರುವಾಗುವ ಹೊತ್ತಿಗೆ ವಯಸ್ಸು ಹೊಂದಬೇಕು, ಅಷ್ಟೆ.

ಲೆಕ್ಚರರು ಚಂದ್ರನನ್ನೂ ಬಿಡಲಿಲ್ಲ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, ಮಾರನೇ ದಿನವೇ ಮನುಷ್ಯ ಚಂದ್ರನ ಮೇಲೆ ಇಳಿದ, ಎನ್ನುವುದು ತಾರೀಖಪ್ಪನವರ ಬಹಳ ಪ್ರೀತಿಯ ಜೋಡಿ. ಮೊದಲನೆಯದು ಆಗದಿದ್ದರೆ ಎರಡನೆಯದೂ ಆಗುತ್ತಿರಲಿಲ್ಲ ಎಂಬ ಧಾಟಿಯಲ್ಲಿ ಹೇಳುತ್ತಾರೆ. ‘ಅವರು ಇಳಿದಾಗ ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಒಂದೂ ಮುಕ್ಕಾಲು. ಅಂದರೆ 21ನೇ ತಾರೀಖು’ ಎಂದರು ಲೆಕ್ಚರರು. ತಾರೀಖಪ್ಪನವರು ಒಪ್ಪಲಿಲ್ಲ: ‘ಅಮೆರಿಕದವರು ಇಳಿದದ್ದು ಅಮೆರಿಕದ ಟೈಮಿಗೆ. ನಾವ್ಯಾಕೆ ಬಡ್ಡಿ ಹಾಕೋಣ?’

ಬಡ್ಡಿ ಅಂದ ಮೇಲೆ ಇದನ್ನೂ ಹೇಳಬೇಕು. 1752ರಲ್ಲಿ ಇಂಗ್ಲೆಂಡಿನವರು ಹಳೆಯ ಪಂಚಾಂಗ ಬಿಟ್ಟು ಹೊಸದಕ್ಕೆ ಬಂದಾಗ ಸೆಪ್ಟೆಂಬರ್ 2 ಆದಮೇಲೆ ನೇರ 14 ಬಂತು. ನಡುವೆ ಹನ್ನೊಂದು ದಿನ ಮಾಯ. ಅದು ತಿಳಿದಾಗ ನಮ್ಮವರ ಮೊದಲ ಪ್ರಶ್ನೆ, ‘ಸಾಲದ ಗಡುವು?’ ಬ್ಯಾಂಕಿನವರ ಬುದ್ಧಿ ಎಲ್ಲಿ ಹೋದೀತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು: ಬಾಕಿ ಹಣ, ಬಾಡಿಗೆಗಳ ಗಡುವು ಹನ್ನೊಂದು ದಿನ ಮುಂಚೆ ಬಂದುಬಿಡಬಾರದೆಂದು ಆ ಕಾಯಿದೆಯಲ್ಲೇ ಬರೆದಿದ್ದರು. ಬ್ರಿಟನ್ನಿನ ತೆರಿಗೆ ವರ್ಷ ಇವತ್ತಿಗೂ ಏಪ್ರಿಲ್ 6ಕ್ಕೆ ಶುರುವಾಗುವುದು ಆ ಗಲಾಟೆಯ ಬಾಲ. ಆ ಹನ್ನೊಂದು ಪುಟಗಳ ಮೂಲೆಯಲ್ಲಿ ಅವರು ‘1752 ನಿಲ್’ ಎಂದು ಬರೆದಿಟ್ಟಿದ್ದಾರೆ.

ಮನೆಯಲ್ಲಿ ಈ ಡೈರಿಗೆ ಬೆಲೆಯಿಲ್ಲ. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರೇ ಅವರ ಮನೆಯವರ ಇತಿಹಾಸ ಗ್ರಂಥ. ಹಾಲಿನವನು ಬರದ ದಿನಕ್ಕೆ ಸೊನ್ನೆ, ಸಿಲಿಂಡರ್ ಬದಲಿಸಿದ ದಿನಕ್ಕೆ ಗೆರೆ. ಉಳಿದದ್ದೆಲ್ಲ ಹಬ್ಬದ ಲೆಕ್ಕ: ಯುಗಾದಿಯಾದ ಮೂರನೇ ದಿನ ಅತ್ತೆ ಬಚ್ಚಲಲ್ಲಿ ಜಾರಿದ್ದು, ಗೌರಿ ಹಬ್ಬದ ಹಿಂದಿನ ದಿನ ಮಗ ಕೆಲಸದ ಆರ್ಡರ್ ತಂದದ್ದು. ಈ ತಿಥಿ ಎಂಬುದು ತಾರೀಖಪ್ಪನವರಿಗೆ ತಲೆನೋವು. ಬಸವ ಜಯಂತಿ ಅಕ್ಷಯ ತದಿಗೆಗೆ ಬರುತ್ತದೆ, ತದಿಗೆ ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ. ಹೀಗಾಗಿ ಬಸವಣ್ಣನವರು ಯಾವ ಪುಟದಲ್ಲೂ ನೆಲೆ ನಿಲ್ಲಲೊಲ್ಲರು. ಕೊನೆಗೆ ಒಂದು ಚೀಟಿಯ ಮೇಲೆ ಅವರ ಹೆಸರು ಬರೆದು, ವರ್ಷಕ್ಕೊಮ್ಮೆ ಪುಟದಿಂದ ಪುಟಕ್ಕೆ ಎತ್ತಿಡುತ್ತಾರೆ. ಸ್ಥಾವರಕ್ಕೆ ಒಗ್ಗದವರನ್ನು ಡೈರಿಯಲ್ಲಿ ಕೂರಿಸಲು ಹೋದರೆ ಇನ್ನೇನಾಗುತ್ತದೆ!

ಈಗ ಅವರಿಗೆ ಎಪ್ಪತ್ತು ತುಂಬುತ್ತದೆ ಎಂದು ಗುಂಪಿನವರು ಸಣ್ಣದೊಂದು ಸಮಾರಂಭ ಮಾಡಲು ಹೊರಟರು. ತಾರೀಖು ಯಾವುದು? ದಾಖಲೆ ಪ್ರಕಾರ 1956ರ ಜೂನ್ 1. ಅಂದರೆ ಅವರೂ ಆ ನೂಕುನುಗ್ಗಲಿನವರೇ. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕಾದ್ದರಿಂದ 2016ರ ಮೇ 31ಕ್ಕೆ ಹಾರ ಹಾಕಿಸಿಕೊಂಡು ಬಂದವರು. ‘ಅದು ಮೇಷ್ಟ್ರದು, ನನ್ನದಲ್ಲ’ ಎಂದು ಮುಖ ಸಿಂಡರಿಸಿದರು. ಜಾತಕ ಬರೆಸುವ ಮನೆತನ ಅವರದಲ್ಲ. ಅಮ್ಮ ಹೇಳುತ್ತಿದ್ದದ್ದು ಇಷ್ಟೇ: ದಸರಾ ಆಗಿತ್ತು, ದೀಪಾವಳಿ ಬಂದಿರಲಿಲ್ಲ, ಕೆಂಪಿ ಕರು ಹಾಕಿದ ವಾರ. ಆ ವರ್ಷದ ದೀಪಾವಳಿ ನವೆಂಬರ್ 2ಕ್ಕೆ ಎಂದು ಹುಡುಕಿ ತೆಗೆದು, ಅಲ್ಲಿಂದ ಒಂದೇ ಹೆಜ್ಜೆ ಹಿಂದೆ ಸರಿದು, ತಾವು ಹುಟ್ಟಿದ್ದು 1956ರ ನವೆಂಬರ್ 1 ಎಂದು ತೀರ್ಪು ಕೊಟ್ಟುಕೊಂಡಿದ್ದಾರೆ. ರಾಜ್ಯವೂ ತಾವೂ ಅವಳಿ.

‘ದಸರಾದಿಂದ ದೀಪಾವಳಿಗೆ ನಡುವೆ ಹದಿನೆಂಟು ದಿನ ಇದೆಯಲ್ಲ’ ಎಂದರು ಲೆಕ್ಚರರು. ‘ಹದಿನೆಂಟರಲ್ಲಿ ಒಂದು.’

‘ಒಂದು ಇದೆ ತಾನೆ? ಸಾಕು. ಅದೂ ಅಲ್ಲದೆ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದೂ ನವೆಂಬರ್ ಒಂದಕ್ಕೇ, 1973ರಲ್ಲಿ, ಅರಸರ ಕಾಲ. ಇನ್ನೊಂದಿದೆ...’

ನಾವು ಅವರ ಮನೆಯ ಜಗುಲಿಯಲ್ಲಿ ಕೂತಿದ್ದೆವು. ಕಾಫಿ ತಂದ ಅವರ ಮನೆಯವರು ನಿಂತರು. ‘ಏನದು ಇನ್ನೊಂದು?’

ತಾರೀಖಪ್ಪನವರು ಡೈರಿ ಮುಚ್ಚಲು ನೋಡಿದರು. ಲೆಕ್ಚರರಿಗೆ ಅವತ್ತು ಎಲ್ಲಿಲ್ಲದ ಮಾತು ಬಂತು. ‘ಹೆಸರಿಟ್ಟ ಆ ದಿನವೇ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದ್ದು ತಾಯಿ. ಡೈರಿಯಲ್ಲಿ ಕೆಂಪು ಶಾಯಿಯಲ್ಲಿದೆ.’

‘ಓಹೋ!’ ಅಂದರು ಆ ತಾಯಿ, ತಟ್ಟೆಯನ್ನು ಟೀಪಾಯಿಯ ಮೇಲೆ ಇಡುತ್ತಾ. ‘ನಾನೂ ಅಂದ್ಕೊತಿದ್ದೆ, ಇವರಿಗೆ ರಾಜ್ಯದ ಮೇಲೆ ಯಾವಾಗ ಇಷ್ಟು ಪ್ರೀತಿ ಬಂತು ಅಂತ. ನೀವು ಜೂನ್ ಒಂದಕ್ಕೇ ಇಟ್ಕೊಳ್ಳಿ ಸಾರ್. ಹೋಳಿಗೆಗೆ ಹೂರಣ ಅವತ್ತೇ ಅರೆಯೋದು.’