ನೆಟ್ಟಿಲ್ಲದ ಊರಿಗೆ ಆ್ಯಪ್: ಕೆಲವು ತಜ್ಞ ಸಲಹೆಗಳು

ಇಂಟರ್ನೆಟ್ ಇಲ್ಲದಾಗಲೂ ವೆಬ್ ಆ್ಯಪ್ ಓಡುವಂತೆ ಮಾಡುವುದು ಈಗ ಕಷ್ಟವೇನಲ್ಲ. 2015ರಲ್ಲೇ ಕ್ರೋಮ್ ಬ್ರೌಸರಿಗೆ ಸರ್ವಿಸ್ ವರ್ಕರ್ ಬಂತು. ಅದು ಸಾಹೇಬರ ಕೋಣೆಯ ಬಾಗಿಲಲ್ಲಿ ಕೂತ ಜವಾನನ ಹಾಗೆ: ಕೇಳಿದ ಕಾಗದ ತನ್ನ ಡ್ರಾಯರಿನಲ್ಲೇ ಇದ್ದರೆ ಕೊಟ್ಟು ಕಳಿಸುತ್ತದೆ, ಒಳಗೆ ಸಾಹೇಬರು ಇದ್ದಾರೋ ಇಲ್ಲವೋ ನಿಮಗೆ ಗೊತ್ತೇ ಆಗುವುದಿಲ್ಲ. ನೀವು ತುಂಬಿದ ಅರ್ಜಿ ಇಂಡೆಕ್ಸ್‌ಡ್‌ಡಿಬಿ ಎಂಬ ಬ್ರೌಸರಿನ ಉಗ್ರಾಣದಲ್ಲಿ ಉಳಿದು, ನೆಟ್ ಬಂದಾಗ ತಾನಾಗಿ ಹೊರಡುತ್ತದೆ.

ಈ ‘ನೆಟ್ ಬಂದಾಗ’ ಎಂಬ ಅಂಶವನ್ನು ಅಂಕೋಲೆಯ ಅಚವೆ, ಹಿಲ್ಲೂರು ಕಡೆಯ ಗುಡ್ಡಗಳಲ್ಲಿ ತುಸು ತಿದ್ದಿಕೊಳ್ಳಲಾಗಿದೆ. ಅಲ್ಲಿ ನೆಟ್ ಬರುವುದಿಲ್ಲ, ನಾವು ಹೋಗುತ್ತೇವೆ. ಫೋನನ್ನು ಕಿಸೆಯಲ್ಲಿಟ್ಟು ಬಸ್ಸು ಹತ್ತಿದರೆ ಹೆದ್ದಾರಿ ಸಮೀಪಿಸುತ್ತಲೇ ಅದು ಟಿಂಗ್ ಎನ್ನುತ್ತದೆ. ಇದೇ ಬ್ಯಾಕ್‌ಗ್ರೌಂಡ್ ಸಿಂಕ್. ಐಫೋನಿನ ಸಫಾರಿಯಲ್ಲಿ ಈ ಸೌಲಭ್ಯವಿಲ್ಲ, ಬಸ್ಸಿನಲ್ಲಿದೆ.

2020ರಲ್ಲಿ ರಾಜ್ಯ ಸರ್ಕಾರ ರೈತರ ಕೈಗೇ ಬೆಳೆ ಸಮೀಕ್ಷೆಯ ಆ್ಯಪ್ ಕೊಟ್ಟಿತು. ನೆಟ್ ಇದ್ದಲ್ಲಿ ನಕ್ಷೆ ಇಳಿಸಿಕೊಳ್ಳುವುದು, ಗದ್ದೆಗೆ ಹೋಗಿ ಫೋಟೊ ತೆಗೆಯುವುದು, ಮತ್ತೆ ನೆಟ್ ಇದ್ದಲ್ಲಿಗೆ ಬಂದು ಕಳಿಸುವುದು. ವಿನ್ಯಾಸ ಸರಿಯಾಗಿಯೇ ಇದೆ. ಇಂಥ ಆ್ಯಪ್‌ಗಳಲ್ಲಿ ಎರಡು ಫೋನುಗಳ ಮಾಹಿತಿ ತಾಳೆಯಾಗದಿದ್ದರೆ ಕೊನೆಗೆ ಮುಟ್ಟಿದ್ದೇ ಸತ್ಯ ಎಂಬ ನಿಯಮವನ್ನು ಹಲವರು ಪಾಲಿಸುತ್ತಾರೆ. ಅಣ್ಣ ಭತ್ತ ಎಂದು, ತಮ್ಮ ಶೇಂಗಾ ಎಂದು ಬರೆದರೆನ್ನಿ. ಅಣ್ಣ ಬೈಕಿನಲ್ಲಿ ಹೋದ, ತಮ್ಮ ಸಂಜೆಯ ಬಸ್ಸಿಗೆ ಹೋದ. ಗದ್ದೆಯಲ್ಲಿ ಶೇಂಗಾ ಬೆಳೆಯಿತು.

ಲಾಗಿನ್‌ಗೆ ಒಟಿಪಿ ಕಡ್ಡಾಯ ಮಾಡುವುದನ್ನು ಮರೆಯಬೇಡಿ. ಗುಡ್ಡದ ತುದಿಯಲ್ಲಷ್ಟೇ ಸಿಗುವ ಒಟಿಪಿಯ ಆಯುಷ್ಯ ಕೆಲವೇ ನಿಮಿಷ, ಇಳಿಜಾರು ಅದಕ್ಕಿಂತ ಉದ್ದ. ಆದ್ದರಿಂದ ಇಬ್ಬರನ್ನು ನೇಮಿಸಿಕೊಳ್ಳುವುದು ಸೂಕ್ತ: ಮೇಲಿನವನು ಆರು ಅಂಕಿಗಳನ್ನು ಕೂಗಬೇಕು, ಕೆಳಗಿನವನು ಒತ್ತಬೇಕು. ಭದ್ರತೆಯ ಗತಿಯೇನು ಎಂದು ಕೆಲವರು ಆಕ್ಷೇಪಿಸುತ್ತಾರೆ. ಒಟಿಪಿಯನ್ನು ಯಾರಿಗೂ ಹೇಳಬಾರದು ಎಂದಷ್ಟೇ ನಿಯಮವಿದೆ. ಕೂಗಬಾರದು ಎಂದಿಲ್ಲ.

ಸಂಗ್ರಹಣೆಯ ವಿಷಯ. ಬ್ರೌಸರನ್ನು ಏಳು ದಿನ ಬಳಸುವಷ್ಟರಲ್ಲಿ ಒಮ್ಮೆಯೂ ತೆರೆಯದ ತಾಣದ ಮಾಹಿತಿಯನ್ನು ಸಫಾರಿ ಅಳಿಸಿಹಾಕುತ್ತದೆ. ಬಡಗೇರಿಯ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡರು ಸಾವಿರಾರು ಹಾಲಕ್ಕಿ ಹಾಡುಗಳನ್ನು ಪುಸ್ತಕದ ಹಂಗಿಲ್ಲದೆ ನೆನಪಿನಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀಯೂ ಬಂತು. ಸಫಾರಿಯವರು ಬಂದು ವಿಚಾರಿಸಿದಂತಿಲ್ಲ.

ಇನ್ನು ಸರ್ವರಿನ ಮಾತು. ಪಕ್ಕದ ಕಾರವಾರ ತಾಲೂಕಿನಲ್ಲಿ ನಿರಂತರ ಚಾಲನೆ ಅಸಾಧ್ಯ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದ 1ನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿ ಅಂದಿನ ವಿಶ್ವದಾಖಲೆ ಬರೆಯಿತು. ಸರ್ವರುಗಳು ಆ ದಾಖಲೆಗೆ ಕೈಹಾಕಲಿಲ್ಲ ಅಷ್ಟೇ. ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಫಲಕ ಮಾತ್ರ ನೆಟ್ ಇದ್ದರೂ ಇಲ್ಲದಿದ್ದರೂ ಒಂದೇ ಸಮ ಕೆಲಸ ಮಾಡುತ್ತದೆ.

ಆ್ಯಪ್ ತಯಾರಿಸುವ ಬೆಂಗಳೂರಿನ ಬಂಧುಗಳಲ್ಲಿ ಒಂದು ವಿನಂತಿ. ಮುಂದಿನ ಆವೃತ್ತಿಯನ್ನು ವೈಫೈ ಆರಿಸಿ ಪರೀಕ್ಷಿಸಿದೆವು ಎಂದು ಸಮಾಧಾನಪಡಬೇಡಿ. ಜುಲೈನಲ್ಲಿ ಇಲ್ಲಿಗೇ ಬನ್ನಿ. ಕೊಡೆ, ಫೋನಿಗೆ ಪ್ಲಾಸ್ಟಿಕ್ ಚೀಲ, ಉಂಬಳಕ್ಕೆ ಸುಣ್ಣ ಮರೆಯದೆ ತನ್ನಿ. ಹೊರಡುವ ಮೊದಲು ಫೋನ್ ಮಾಡುವುದು ಬೇಡ, ತಾಗುವುದಿಲ್ಲ.